ಇಂಗ್ಲೆಂಡ್ ಗಾಡಿ, ಅಪ್ಪನ ಬಲಗೈ

ನಮ್ಮಪ್ಪನ ಬಲಗೈ ಎರಡು ಕಡೆ ಮುರಿದಿದೆ. ಮುರಿದವನು ನಾನು.

ಬೇಕಾದರೆ ಇನ್ನೊಂದು ಸಲ ಓದಿಕೊಳ್ಳಿ, ಕಾಯುತ್ತೇನೆ. ನಮ್ಮಪ್ಪ ಅಂದರೆ ಪೇಪರ್ ಓದುತ್ತಾ ಕನ್ನಡಕದ ಮೇಲಿಂದ ಗದರಿಸುವ ಅಪ್ಪ ಅಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಅವನು ಹೊಡೆದರೆ ಕೆನ್ನೆಗೆ ನೋವಾಗುವುದು ಆಮೇಲೆ, ಮೊದಲು ಕಿವಿಯೊಳಗೆ ರೈಲು ಹೋಗುತ್ತದೆ. ಅಂಥ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದೆ. ಹಿಡಿದು ಡೈಲಾಗ್ ಕೂಡ ಹೊಡೆದೆ: "ಈ ಕೈ ಇಷ್ಟು ವರ್ಷ ಮೇಲೆದ್ದಿದ್ದು ನಿನ್ನ ಬಲದಿಂದಲ್ಲ ಅಪ್ಪಾ, ನಮ್ಮ ಭಯದಿಂದ. ಭಯಕ್ಕೆ ಇವತ್ತು ರಜೆ." ಆಮೇಲೆ ಲಟಕ್ ಅಂತ ಒಂದು ಸದ್ದು. ಹಿಂದೆಯೇ ಇನ್ನೊಂದು.

ಈಗ ಬೀದಿಯಲ್ಲಿ ನನ್ನ ರೇಂಜೇ ಬೇರೆ. ಚಹಾದಂಗಡಿಯವನು ಕೇಳದೇ ಸಕ್ಕರೆ ಜಾಸ್ತಿ ಹಾಕುತ್ತಾನೆ. ನಾನು ಬೈಕಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯ ಓನರ್ "ಲೋ ಕೋತಿ" ಅನ್ನುವುದನ್ನು ಬಿಟ್ಟು "ಏನಪ್ಪಾ" ಅನ್ನಲು ಶುರು ಮಾಡಿದ್ದಾನೆ. ಮನೆಯಲ್ಲಿ ನನ್ನ ಹೆಸರು ಡೈಲಾಗ್. ಅಮ್ಮ ಉಪ್ಪು ಕೇಳಿದರೂ ನಾನು ಸಿನಿಮಾದ ವಿಲನ್ ಧ್ವನಿಯಲ್ಲೇ "ಉಪ್ಪು ಬೇಕಾ, ಉಳಿಯೋ ಆಸೆ ಬೇಕಾ" ಅಂತ ಕೇಳುವವನು. ಅಜ್ಜಿ ಪ್ರಕಾರ ನನ್ನ ಬಾಯಿಗೆ ಬ್ರೇಕ್ ಇಲ್ಲ, ಕಾಲಿಗೆ ಗೇರ್ ಇಲ್ಲ.

ಗೇರ್ ಮತ್ತು ಬ್ರೇಕ್ ಅಂದೆನಲ್ಲ, ಎಲ್ಲ ಕೆಟ್ಟಿದ್ದು ಅಲ್ಲಿಂದಲೇ.

ಒಂದು ದಿನ ಸಂಜೆ ನಾವೆಲ್ಲ ಬೇಯಿಸಿದ ಆಲೂಗಡ್ಡೆ, ಮೊಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಚಿಕ್ಕಪ್ಪ ಬಂದು ತನ್ನ ಫೋನನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟ. ಚಿಕ್ಕಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕ ಕೂತು ತನ್ನ ಬಲಗಾಲಿನಲ್ಲಿ ಬ್ರೇಕ್ ಒತ್ತೀ ಒತ್ತೀ, ಊಟಕ್ಕೆ ಕೂತರೂ ಆ ಕಾಲು ನೆಲವನ್ನು ಒತ್ತುತ್ತಿರುತ್ತದೆ.

"ಅಣ್ಣಾ, ನೋಡು ಇದನ್ನ."

"ಯಾವ ಮುದಿ ಕತ್ತೆ ಫೋಟೋನೋ ಅದು?" ಅಂದಳು ಅಜ್ಜಿ.

"ಅವ್ವಾ, ಇಂಗ್ಲೆಂಡ್ ಗಾಡಿ. ಎರಡು ಸಿಲಿಂಡರ್. ನಿನಗಿಂತ ಸ್ವಲ್ಪ ಚಿಕ್ಕ ವಯಸ್ಸು."

"ಹಂಗಾದ್ರೆ ನನ್ನನ್ನೂ ಮಾರಿ, ಎಷ್ಟು ಬರುತ್ತೆ ನೋಡೋಣ."

"ಇಂಗ್ಲೆಂಡ್ ಗಾಡಿ ಹಾಗೆ ನೀನು ಎಣ್ಣೆ ಸೋರಲ್ಲ, ಅದಕ್ಕೇ ರೇಟ್ ಕಮ್ಮಿ," ಅಂದೆ ನಾನು. ಅಮ್ಮ ಸೌಟಿನಿಂದ ತಲೆಗೆ ಮೊಟಕಿದಳು.

ಚಿಕ್ಕಪ್ಪ ವಿವರಿಸಿದ. ಹಳೇ ಬ್ರಿಟಿಷ್ ಬೈಕುಗಳನ್ನು ಕೂಡಿಡುವ ಶ್ರೀಮಂತರು ಇದ್ದಾರೆ. ಓಡಿಸುವುದಿಲ್ಲ, ಮನೆಯ ಹಾಲ್‌ನಲ್ಲಿ ನಿಲ್ಲಿಸಿ ನೋಡುತ್ತಾ ಕೂರುತ್ತಾರೆ. ಅಂಥವರೊಬ್ಬರು ಇದೇ ಮಾಡೆಲ್ ಹುಡುಕುತ್ತಿದ್ದಾರೆ. ಇದನ್ನು ಮಾರುತ್ತಿರುವ ದಲ್ಲಾಳಿಗೆ ಅದರ ಬೆಲೆ ಗೊತ್ತಿಲ್ಲ. ಇಲ್ಲಿ ತಗೊಂಡು ಅಲ್ಲಿ ಕೊಟ್ಟರೆ ಒಂದಕ್ಕೆ ಎರಡು.

"ಯಾರ ದುಡ್ಡಲ್ಲಿ ತಗೊಳ್ತೀರಾ?" ಅಂತ ಅಕ್ಕ ಕೇಳಿದಳು.

ಎಲ್ಲರೂ ಆಲೂಗಡ್ಡೆ ನೋಡಿದರು.

ನಮ್ಮನೆಯಲ್ಲಿ ದುಡ್ಡು ಅಂತ ಇದ್ದದ್ದು ಅಕ್ಕನ ಹತ್ತಿರ ಮಾತ್ರ. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ಮೊದಲ ಸಂಬಳದಿಂದಲೂ ಕೂಡಿಟ್ಟಿದ್ದಳು. ಕಣ್ಣಾಸ್ಪತ್ರೆಯ ಎದುರು ಒಂದು ಶಟರ್ ಅಂಗಡಿ ಖಾಲಿಯಾಗುವುದಿತ್ತು. ಮಾಲೀಕ ಮುಂದಿನ ತಿಂಗಳ ಕೊನೆಯವರೆಗೂ ಅದನ್ನು ಅವಳಿಗೆಂದೇ ಇಟ್ಟುಕೊಳ್ಳುತ್ತೇನೆ ಅಂದಿದ್ದ. ಅಡ್ವಾನ್ಸ್ ಕೊಟ್ಟರೆ ಅವಳ ಸ್ವಂತ ಅಂಗಡಿ. ಆದರೆ ಅವಳು ಕೆಲಸಕ್ಕೆ ಸೇರಿದಾಗ ಬ್ಯಾಂಕ್ ಖಾತೆ ತೆರೆಸಿದ್ದು ಅಪ್ಪ, ತನ್ನ ಹೆಸರನ್ನೂ ಸೇರಿಸಿ. ಹುಡುಗಿಯ ದುಡ್ಡಿಗೆ ಕಾವಲು ಬೇಕಲ್ಲ ಅಂತ.

"ನನ್ನ ಅಂಗಡಿ ದುಡ್ಡು ಮುಟ್ಟಬೇಡಿ ಅಪ್ಪಾ."

"ಯಾರೇ ಮುಟ್ಟಿದ್ದು? ನೋಡ್ಕೊಂಡು ಬರ್ತೀವಿ ಅಷ್ಟೇ."

"ನೋಡೋಕೆ ದುಡ್ಡು ಬೇಡ, ನೋಡಿ."

"ನಿನ್ನನ್ನ ಕೇಳಿ ಹೋಗ್ಬೇಕಾ ನಾನು?" ಅಪ್ಪ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದ. ಸಿಪ್ಪೆ ಬಿಡಿಸಿದ ಮೊಟ್ಟೆ ಅದು. ಅರ್ಧ ನೆಲಕ್ಕೆ ಬಿತ್ತು. ಅಮ್ಮ ಎತ್ತಿ ತೊಳೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಭಾನುವಾರ ಹೋದೆವು. ಅಪ್ಪ, ಚಿಕ್ಕಪ್ಪ, ಮತ್ತು ಸೀಟು ತಜ್ಞನಾಗಿ ನಾನು. ದಲ್ಲಾಳಿ ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಅವನನ್ನು ನಾವು ಮಫ್ಲರ್ ಅಂತಲೇ ಕರೆದೆವು. ಗೋದಾಮಿನ ಮೂಲೆಯಲ್ಲಿ ತಾಡಪಾಲು ಸರಿಸಿದ. ಗಾಡಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕಪ್ಪು ಟ್ಯಾಂಕ್, ಅಂಚಿಗೆ ಕೈಯಲ್ಲೇ ಎಳೆದ ಬಂಗಾರದ ಗೆರೆ. ಎದುರಿನ ದೊಡ್ಡ ಲೈಟಿನ ನೆತ್ತಿಯ ಮೇಲೆ ಕೈಗಡಿಯಾರದಷ್ಟು ಪುಟ್ಟ ಮೀಟರು. ಎಂಜಿನ್ನಿನ ಹೊಟ್ಟೆಯಿಂದ ಒಂದೊಂದೇ ಹನಿ ಎಣ್ಣೆ.

"ಸೋರ್ತಿದೆಯಲ್ಲಾ," ಅಂದ ಅಪ್ಪ.

"ಬ್ರಿಟಿಷ್ ಗಾಡಿ ಸ್ವಾಮೀ. ಸೋರಿದ್ರೆ ಒಳಗೆ ಎಣ್ಣೆ ಇದೆ ಅಂತ. ಸೋರೋದು ನಿಂತ್ರೆ ಹೆದರಬೇಕು."

ಚಿಕ್ಕಪ್ಪ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಬಂದಿದ್ದ. ಜೇಬಿನಿಂದ ಅಯಸ್ಕಾಂತ ತೆಗೆದು ಟ್ಯಾಂಕಿನ ಮೇಲೆಲ್ಲ ಎಳೆದ. ಎಲ್ಲಿಯೂ ಜಾರಲಿಲ್ಲ, ಅಂದರೆ ಪುಟ್ಟಿ ತುಂಬಿ ಬಣ್ಣ ಹೊಡೆದದ್ದಲ್ಲ. ನಾನು ಸೀಟಿನ ಹೊಲಿಗೆ ಬಿಡಿಸಿ ನೋಡಿದೆ. ದಾರ ಹಳೆಯದು, ಸೂಜಿ ಹೋದ ತೂತು ಒಂದೊಂದೇ. ಎರಡನೇ ಸಲ ಹೊಲಿದಿದ್ದರೆ ತೂತು ಜೋಡಿ ಇರುತ್ತದೆ. "ಓಕೆ ಸೀಟು," ಅಂತ ಜಡ್ಜ್ ಧ್ವನಿಯಲ್ಲಿ ತೀರ್ಪು ಕೊಟ್ಟೆ. ಮಫ್ಲರ್ ಟಾರ್ಚ್ ಹಾಕಿ ಎಂಜಿನ್ನಿನ ಮೇಲೆ ಕುಟ್ಟಿದ ನಂಬರ್ ತೋರಿಸಿದ. ಆಮೇಲೆ ಹ್ಯಾಂಡಲ್ ಕೆಳಗೆ, ಫ್ರೇಮಿನ ಕುತ್ತಿಗೆಯ ಪಕ್ಕದಲ್ಲಿ ಅದೇ ನಂಬರ್.

"ಎರಡೂ ಒಂದೇ. ಕಾರ್ಖಾನೆಯಿಂದ ಬಂದ ಜೋಡಿ ಇದು. ಹೀಗೆ ಸಿಗೋದು ಕಮ್ಮಿ."

ಅಪ್ಪ ಕಿಕ್ ಹೊಡೆದ. ಗಾಡಿ ತಿರುಗಿ ಹೊಡೆಯಿತು. ಕಿಕ್ಕಿನ ಕೋಲು ವಾಪಸು ಬಂದು ಮೊಣಕಾಲ ಕೆಳಗೆ ಬಡಿದಾಗ ಅಪ್ಪ ಸಿಟ್ಟಿನಿಂದ ಟ್ಯಾಂಕಿಗೇ ಒಂದು ಗುದ್ದು ಕೊಟ್ಟ. ನಮ್ಮನೆಯವರಿಗೆ ಈ ಗಾಡಿ ಯಾಕೆ ಇಷ್ಟವಾಯಿತು ಅಂತ ನನಗೆ ಆಗಲೇ ಗೊತ್ತಾಯಿತು. ಬುದ್ಧಿ ಒಂದೇ.

ಮೂರನೇ ಕಿಕ್ಕಿಗೆ ಶುರುವಾಯಿತು. ಆ ಸದ್ದು ಗುಡುಗು ಕೆಮ್ಮಿದ ಹಾಗಿತ್ತು.

"ನಾನು ಓಡಿಸಿ ನೋಡ್ತೀನಿ," ಅಂದ ಚಿಕ್ಕಪ್ಪ.

"ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಈಗಿನ ಗಾಡಿಗೆ ಉಲ್ಟಾ," ಅಂತ ಮಫ್ಲರ್ ಎಚ್ಚರಿಸಿದ.

"ಇಪ್ಪತ್ತು ವರ್ಷದಿಂದ ಊರಿಗೆಲ್ಲ ಗಾಡಿ ಕಲಿಸ್ತಿದೀನಿ ಕಣಯ್ಯಾ."

ಹೋಗುವಾಗ ಚೆನ್ನಾಗಿಯೇ ಹೋದ. ಬರುವಾಗ ಗೋದಾಮಿನ ಗೇಟಿಗೆ ಅಡ್ಡ ಒಂದು ನಾಯಿ ಬಂತು. ಚಿಕ್ಕಪ್ಪನ ತಲೆಗೆ ಎಲ್ಲ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಕಾರಿನ ಬ್ರೇಕ್ ಒತ್ತಿದ ಬಲಗಾಲು ತನ್ನ ಧರ್ಮ ತಾನು ಮಾಡಿತು. ಒತ್ತಿತು, ಮತ್ತೆ ಒತ್ತಿತು. ಅಲ್ಲಿದ್ದದ್ದು ಗೇರ್. ಗಾಡಿ ಅರಚಿಕೊಂಡು ಮುಗ್ಗರಿಸಿ ಪಕ್ಕದ ಗೋಡೆಗೆ ಹೋಗಿ ಗುದ್ದಿತು. ನಾಯಿ ಬಚಾವು. ಚಿಕ್ಕಪ್ಪನ ಮುಂದಿನ ಹಲ್ಲು ಹ್ಯಾಂಡಲ್ ಮೇಲೆ ಉಳಿಯಿತು.

"ಮಿರರ್ ನೋಡಿ, ಕ್ಲಚ್ ಒತ್ತಿ, ನಿಧಾನವಾಗಿ ಬ್ರೇಕ್," ಅಂತ ನಾನು ಡ್ರೈವಿಂಗ್ ಸ್ಕೂಲ್ ಧ್ವನಿಯಲ್ಲಿ ಹೇಳಿದೆ. ಅಪ್ಪ ತಿರುಗದೆಯೇ ಹಿಂಗೈಯಿಂದ ಬಾರಿಸಿದ. ತುಟಿ ಒಡೆಯಿತು. ಆಮೇಲೆ ಹೋಗಿ ಗಾಡಿ ನೋಡಿದ, ತಮ್ಮನನ್ನಲ್ಲ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಹಿಂದಕ್ಕೆ ಬಾಗಿತ್ತು. ಲೈಟ್ ಪುಡಿ. ಫ್ರೇಮಿನ ಕುತ್ತಿಗೆಯ ಕೆಳಗೆ ಕೂದಲೆಳೆಯ ಬಿರುಕು.

"ಮುರಿದೋರು ಕೊಂಡ್ಕೊಳ್ಳಿ," ಅಂದ ಮಫ್ಲರ್. "ಹೇಳಿದ ರೇಟು. ಒಂದು ಪೈಸಾ ಕಮ್ಮಿ ಇಲ್ಲ."

ಅಪ್ಪ ಅವನ ಮಫ್ಲರಿನ ಎರಡೂ ತುದಿ ಹಿಡಿದು ಎಳೆದ. ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವಷ್ಟರಲ್ಲಿ ಗೋದಾಮಿನ ಹಮಾಲಿಗಳಿಬ್ಬರು ಕಬ್ಬಿಣದ ಕೋಲು ಹಿಡಿದು ಬಂದರು. ಮೊದಲ ಏಟು ಅಪ್ಪನ ಹಣೆಗೆ. ಅಪ್ಪ ಒಬ್ಬನ ಮೂಗು ಗೋಡೆಗೆ ಉಜ್ಜಿದ. ಇನ್ನೊಬ್ಬ ಚಿಕ್ಕಪ್ಪನ ಪಕ್ಕೆಗೆ ಒದ್ದ. ನಾನು ಗುದ್ದಿದ ರಭಸಕ್ಕೆ ಕಳಚಿ ಬಿದ್ದಿದ್ದ ಸೀಟನ್ನು ಎದೆಗೆ ಅವುಚಿಕೊಂಡು ತಾಡಪಾಲಿನ ಹಿಂದೆ ಆಯಕಟ್ಟಿನ ಜಾಗ ಹಿಡಿದಿದ್ದೆ. ಯುದ್ಧದಲ್ಲಿ ಪ್ಲಾನಿಂಗ್ ಮುಖ್ಯ. ಕೊನೆಗೆ ಗೇಟು ಹಾಕಿ, ಅಪ್ಪನ ಫೋನು ಅವನ ಕೈಗೇ ಕೊಟ್ಟರು. ರಕ್ತದ ಬೆರಳಿನಿಂದ ಒತ್ತಿದರೆ ಫೋನು ಹೆಬ್ಬೆಟ್ಟು ಗುರುತಿಸಲಿಲ್ಲ. ಶರ್ಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಅಕ್ಕನ ಅಂಗಡಿ ಮಫ್ಲರಿನ ಖಾತೆಗೆ ಹೋಯಿತು.

ಅಕ್ಕನಿಗೆ ಆಗಲೇ ಬ್ಯಾಂಕಿನಿಂದ ಮೆಸೇಜು ಬಂದಿತ್ತು. ಗೂಡ್ಸ್ ಆಟೋದಿಂದ ಗಾಡಿ ಇಳಿಸುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಇದನ್ನ ವಾಪಸ್ ಕೊಟ್ಟು ಬನ್ನಿ."

"ಮೊದ್ಲು ದಾರಿ ಬಿಡು."

"ನನ್ನ ಅಂಗಡಿ ಎಲ್ಲಪ್ಪಾ?"

"ಇಗೋ, ಇದೇ ನಿನ್ನ ಅಂಗಡಿ," ಅಂತ ಅಪ್ಪ ಗಾಡಿಯ ಸೀಟು ತಟ್ಟಿದ. "ತಿಂಗಳ ಕೊನೆಯೊಳಗೆ ಮಾರಿ ಎರಡರಷ್ಟು ಕೈಗೆ ಹಾಕ್ತೀನಿ. ನಿನ್ನಪ್ಪ ಕಣೇ ನಾನು, ಕಳ್ಳನಾ?"

"ಕಳ್ಳ ಆಗಿದ್ರೆ ಪೊಲೀಸರಿಗೆ ಹೇಳ್ತಿದ್ದೆ."

ಅಪ್ಪನ ಕೈ ಅವಳ ಕೆನ್ನೆಗೆ ಹೋಯಿತು. ಅಕ್ಕ ಬಾಗಿಲ ಚೌಕಟ್ಟಿಗೆ ತಾಗಿ ನಿಂತಳು. ಅಮ್ಮ "ರೀ, ಬೀದಿಯಲ್ಲಿ ಬೇಡ" ಅಂದಳು. ಬೀದಿಯಲ್ಲಿ ಬೇಡ ಅಂದರೆ ಒಳಗೆ ಪರವಾಗಿಲ್ಲ ಅಂತ ಅರ್ಥ; ಒಳಗೆ ಬಂದ ಮೇಲೆ ಸ್ಟೂಲು ಹಾರಿತು, ಅಕ್ಕನಿಗಲ್ಲ, ಚಿಕ್ಕಪ್ಪನಿಗೆ. "ನಿನ್ನ ಕಾಲು ಕತ್ತರಿಸಿ ಹಾಕ್ಬೇಕು," ಅಂತ ಅಪ್ಪ ಕೂಗಿದ. ಚಿಕ್ಕಪ್ಪ ಹಲ್ಲಿಲ್ಲದ ಬಾಯಲ್ಲಿ ಏನೋ ಅಂದ, "ಅಣ್ಣಾ" ಅನ್ನುವುದು ಮಾತ್ರ ತಿಳಿಯಿತು. ಅವತ್ತಿನಿಂದ ಅವನು ನಮ್ಮನೆ ಕಡೆ ತಲೆ ಹಾಕಲಿಲ್ಲ.

ಹೊರಗೆ ನಿಲ್ಲಿಸಿದರೆ ಕದಿಯುತ್ತಾರೆ ಅಂತ ಗಾಡಿ ಹಾಲಿಗೆ ಬಂತು. ಹಾಲಿನಲ್ಲಿದ್ದದ್ದು ಅಕ್ಕನ ಮಂಚ. ಅದನ್ನು ಬಿಚ್ಚಿ ಮೇಲಟ್ಟಕ್ಕೆ ಹಾಕಿದೆವು, ಅಕ್ಕ ಅಡುಗೆಮನೆಯಲ್ಲಿ ಮಲಗತೊಡಗಿದಳು. ಅಮ್ಮ ಹೋಟೆಲಿನ ಹಾಸಿಗೆಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಬೇಗ ಎದ್ದು ಮಗಳನ್ನು ದಾಟಿಕೊಂಡು ಒಲೆ ಹೊತ್ತಿಸಬೇಕಾಗಿತ್ತು. ಗಾಡಿಯ ಕೆಳಗೆ ಅಮ್ಮನ ಬ್ರೆಡ್ ಮಾಡುವ ಟ್ರೇ ಇಟ್ಟೆವು, ಎಣ್ಣೆ ಹಿಡಿಯಲು. ಊಟ ಗಾಡಿಯ ಸುತ್ತ. ಅಜ್ಜಿ ತಟ್ಟೆಯನ್ನು ಸೀಟಿನ ಮೇಲಿಟ್ಟುಕೊಳ್ಳುತ್ತಿದ್ದಳು.

"ಟೇಬಲ್ಲಿಗೆ ಈ ರೇಟಾ," ಅನ್ನುತ್ತಿದ್ದಳು ಒಂದೊಂದು ತುತ್ತಿಗೆ.

"ಅವ್ವಾ, ಒಂದು ಕಲೆ ಬಿದ್ರೆ ಸಾವಿರ ಕಮ್ಮಿ," ಅಂದ ಅಪ್ಪ.

"ನನ್ನ ಮಗನ ಹಣೆ ಮೇಲೆ ಅಷ್ಟು ದೊಡ್ಡ ಕಲೆ ಬಿದ್ದಿದೆ, ಅದಕ್ಕೆ ಯಾರೂ ಕಮ್ಮಿ ಮಾಡ್ಲಿಲ್ವಲ್ಲ."

ಗಾಡಿ ಬಂದ ಮೇಲೆ ಅಪ್ಪನ ಕೈ ಮೊದಲಿಗಿಂತ ಸಲೀಸಾಗಿ ಏಳತೊಡಗಿತು. ಪೆಟ್ರೋಲ್ ವಾಸನೆ ಅಂತ ಅಮ್ಮ ಕಿಟಕಿ ತೆಗೆದರೆ ಒಂದು. ನಾನು ಹ್ಯಾಂಡಲ್ ಹಿಡಿದು "ಡುರ್" ಅಂದರೆ ಒಂದು. ಅಕ್ಕ ಬರೀ ಕ್ಯಾಲೆಂಡರ್ ಕಡೆ ನೋಡಿದರೆ ಎರಡು.

ಆದರೂ ಕೊಳ್ಳುವವರನ್ನು ಹುಡುಕಿ ಫೋನ್ ಮಾಡಿದವಳು ಅಕ್ಕನೇ. ಅವರ ಹೆಸರು ಬೇಡ, ಹತ್ತಿಯ ಕೈಗವಸು ಹಾಕಿಕೊಂಡು ಗಾಡಿ ಮುಟ್ಟುವವರು ಅಂತ ತಿಳಿದುಕೊಳ್ಳಿ, ಕೈಗವಸು ಸಾಹೇಬರು. ಅವಳು ಅಪಘಾತವನ್ನು ಮುಚ್ಚಿಡದೆ ಹೇಳಿದಳು. ಫೋಟೋ ಕಳಿಸಿದಳು. ಅವರು ಮುಂದಿನ ಭಾನುವಾರ ಬರುವುದಾಗಿ ಒಪ್ಪಿಕೊಂಡರು. ಆವತ್ತು ಊಟಕ್ಕೆ ಕೂತಾಗ ಅಕ್ಕ ಎಷ್ಟೋ ದಿನದ ಮೇಲೆ ಅಪ್ಪನ ಮುಖ ನೋಡಿ ಮಾತಾಡಿದಳು.

"ಅವರು ಒಂದೇ ಮಾತು ಹೇಳಿದ್ದು. ಏನೂ ಮುಟ್ಟಬೇಡಿ, ಹೇಗಿದೆಯೋ ಹಾಗೇ ಇರ್ಲಿ."

"ಬಗ್ಗಿದ್ದು?"

"ಬಗ್ಗಿದ್ದು ಬಗ್ಗಿದ ಹಾಗೇ."

"ಬಿರುಕು ಬಿಟ್ಟಿದೆಯಲ್ಲೇ."

"ಬಿಟ್ಟಿರ್ಲಿ."

ಅಪ್ಪ ನಕ್ಕ. "ವೆಲ್ಡರ್ ಮನೆಯಲ್ಲಿ ಒಡೆದ ಗಾಡಿ ನಿಲ್ಲಿಸಿ ತೋರಿಸ್ಬೇಕಾ? ನಾಳೆ ಶೆಡ್ಡಲ್ಲಿ ಗೊತ್ತಾದ್ರೆ ಏನಂತಾರೆ? ಇವನ ಕೈಯಲ್ಲಿ ಒಂದು ಬೈಕ್ ರಿಪೇರಿ ಆಗ್ಲಿಲ್ಲ ಅಂತಾರೆ."

"ಯಾರೇನಂದ್ರೂ ಅಂದ್ಕೊಳ್ಳಲಿ ಅಪ್ಪಾ. ನಿಮ್ಮ ಕಾಲಿಗೆ ಬೀಳ್ತೀನಿ. ಮುಟ್ಟಬೇಡಿ."

"ಆಯ್ತು ಮಾರಾಯ್ತಿ. ಊಟ ಮಾಡು."

ಶುಕ್ರವಾರ ಅಕ್ಕ ಕೆಲಸಕ್ಕೆ ಹೋದ ಮೇಲೆ ಗಾಡಿ ಶೆಡ್ಡಿಗೆ ಹೋಯಿತು. ತಳ್ಳಿಕೊಂಡು ಹೋದವರು ಅಪ್ಪ ಮತ್ತು ನಾನು. ಶನಿವಾರ ಸಂಜೆ ವಾಪಸು ಬಂದಾಗ ನನಗೇ ಗುರುತು ಸಿಗಲಿಲ್ಲ. ಫೋರ್ಕ್ ನೆಟ್ಟಗಾಗಿತ್ತು. ಫ್ರೇಮಿನ ಕುತ್ತಿಗೆಯ ಎರಡೂ ಕಡೆ ಬೆರಳು ದಪ್ಪದ ಕಬ್ಬಿಣದ ತ್ರಿಕೋನ, ಲಾರಿ ಚಾಸಿಗೆ ಹಾಕುವಂಥದ್ದು, ಸುತ್ತಲೂ ವೆಲ್ಡಿಂಗ್. ಗೆರೆ ಅಳಿಸಿ ಟ್ಯಾಂಕಿಗೆ ಕೆಂಪು ಬಣ್ಣ, ಲಾರಿ ಕೆಂಪು. ಅಪ್ಪ ಹ್ಯಾಂಡಲ್ ಹಿಡಿದು ಅಲುಗಾಡಿಸಿದ.

"ಆನೆ ಕೂತ್ರೂ ಅಲ್ಲಾಡಲ್ಲ. ಅವನ ಹಾಲ್‌ನಲ್ಲಿರೋ ಅಷ್ಟೂ ಗಾಡಿಗಳಿಗಿಂತ ಗಟ್ಟಿ."

ಅಕ್ಕ ನೋಡಿದಳು. ಚೀಲ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತ ಹೊತ್ತಿಗೇ ಕೈಗವಸು ಸಾಹೇಬರು ಬಂದರು. ಅಪ್ಪ ಎದ್ದು ಕೈ ತೊಳೆದು ಒಗೆದ ಶರ್ಟು ಹಾಕಿಕೊಂಡ. ಗಾಡಿಯ ಪಕ್ಕದಲ್ಲಿ ತನ್ನ ಸಾಮಾನಿನ ಪೆಟ್ಟಿಗೆಯನ್ನೂ ತೆರೆದಿಟ್ಟಿದ್ದ, ಕೆಲಸ ಮಾಡಿದ್ದು ತಾನೇ ಅಂತ ತಿಳಿಯಲಿ ಅಂತ. ಸಾಹೇಬರು ಬಾಗಿಲಲ್ಲೇ ಸ್ವಲ್ಪ ನಿಂತರು. ಆಮೇಲೆ ನಿಧಾನವಾಗಿ ಒಂದೊಂದೇ ಬೆರಳಿಗೆ ಕೈಗವಸು ಹಾಕಿದರು. ಎಂಜಿನ್ ನಂಬರ್ ನೋಡಿದರು, ತಲೆ ಆಡಿಸಿದರು. ಟ್ಯಾಂಕಿನ ಕೆಂಪನ್ನು ನೋಡಿ ಕಣ್ಣು ಮುಚ್ಚಿ ತೆರೆದರು. ಆಮೇಲೆ ಫ್ರೇಮಿನ ಕುತ್ತಿಗೆಗೆ ಟಾರ್ಚ್ ಹಾಕಿದರು.

"ಇಲ್ಲಿ ನಂಬರ್ ಇತ್ತಲ್ವಾ?"

"ಇತ್ತು ಸಾರ್," ಅಂದ ಅಪ್ಪ. "ಗ್ರೈಂಡರ್ ಹೊಡೆದಿದೀನಿ. ಕಬ್ಬಿಣ ಬೆಳ್ಳಗಾಗೋವರೆಗೂ ಉಜ್ಜದಿದ್ರೆ ವೆಲ್ಡಿಂಗ್ ಹಿಡಿಯಲ್ಲ."

"ಉಜ್ಜಿಬಿಟ್ರಾ."

"ನೀಟಾಗಿ."

ಸಾಹೇಬರು ಕೈಗವಸು ತೆಗೆದರು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತೋ ಏನೋ.

"ಬಣ್ಣ ಹೋಗ್ಲಿ ಬಿಡಿ. ಬಗ್ಗಿದ್ದು, ಬಿರುಕು ಬಿಟ್ಟಿದ್ದು, ಹಾಗೇ ಇದ್ದಿದ್ರೂ ನಿಮ್ಮ ಮಗಳು ಕೇಳಿದ ಬೆಲೆ ಕೊಟ್ಟು ತಗೊಂಡು ಹೋಗ್ತಿದ್ದೆ. ಎರಡೂ ನಂಬರ್ ಜೋಡಿ ಇತ್ತು. ಈಗ ಇದು ಯಾವ ಗಾಡಿ ಅಂತ ಹೇಳೋಕೆ ಸಾಕ್ಷಿನೇ ಇಲ್ಲ. ಕದ್ದ ಗಾಡಿ ಅಂತ ಯಾರಾದ್ರೂ ಹೇಳಿದ್ರೆ ನಾನು ಏನು ತೋರಿಸ್ಲಿ?" ಅಕ್ಕನ ಕಡೆ ತಿರುಗಿದರು. "ಎಂಜಿನ್ ಒಂದನ್ನ ಬೇಕಾದ್ರೆ ತಗೊಳ್ತೀನಮ್ಮಾ. ಯೋಚನೆ ಮಾಡಿ ಫೋನ್ ಮಾಡು."

ಅವರ ಕಾರು ತಿರುವು ದಾಟಿತು.

"ಮುಟ್ಟಬೇಡಿ ಅಂದಿದ್ದೆ," ಅಂದಳು ಅಕ್ಕ.

"ಅವನಿಗೆ ಕೆಲಸ ಅಂದ್ರೆ ಏನು ಗೊತ್ತು? ಅವನಪ್ಪನ ದುಡ್ಡಲ್ಲಿ ಕೂತು ತಿನ್ನೋನು."

"ನೀವು ಯಾರ ದುಡ್ಡಲ್ಲಿ ಕೂತಿದೀರಾ?"

ಅಲ್ಲಿಗೆ ಅಪ್ಪ ಕೈ ಎತ್ತಿದ. ಇಲ್ಲಿ ನನ್ನ ಎಂಟ್ರಿ. ತಟ್ಟೆ ಸರಿಸಿ ಎದ್ದೆ, ಬಂದು ನಡುವೆ ನಿಂತೆ, ಹಿಡಿದೆ, ಡೈಲಾಗ್ ಹೇಳಿದೆ, ಲಟಕ್, ಮತ್ತೆ ಲಟಕ್. ಬೀದಿಗೆ ಗೊತ್ತಿರುವುದು ಇಷ್ಟು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಿಡಿದು ಡಾಕ್ಟರು ಹೇಗಾಯಿತು ಅಂತ ಕೇಳಿದಾಗ ಅಪ್ಪನೇ ಹೇಳಿದ: "ಮಗನ ಜೊತೆ ಮಾತಿಗೆ ಮಾತು ಬೆಳೀತು ಡಾಕ್ಟ್ರೇ. ವಯಸ್ಸಿಗೆ ಬಂದ ಹುಡುಗ. ಕೈ ಮಾಡಿಬಿಟ್ಟ." ಹೇಳುವಾಗ ನೋವಿನ ನಡುವೆಯೂ ಅವನ ಧ್ವನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಶೆಡ್ಡಿನವರು ಹಣ್ಣು ಹಿಡಿದು ನೋಡಲು ಬಂದಾಗಲೂ ಅದೇ. ಅವರು ನನ್ನ ತೋಳು ಹಿಸುಕಿ ನೋಡಿದರು. "ಹೆತ್ತರೆ ಇಂಥ ಮಗನ್ನ ಹೆರಬೇಕು," ಅಂದ ಒಬ್ಬ, ಅರ್ಧ ತಮಾಷೆಗೆ. ಅಪ್ಪ ನಕ್ಕ. ನಾನೂ ನಕ್ಕೆ.

ಅಂಗಡಿ ಮಾಲೀಕ ಹೇಳಿದ್ದ ತಿಂಗಳು ಮುಗಿಯಿತು. ಶಟರ್ ಅಂಗಡಿಯನ್ನು ಯಾರೋ ಮೊಬೈಲ್ ರಿಪೇರಿಯವನು ತಗೊಂಡ. ಅಕ್ಕ ಕೈಗವಸು ಸಾಹೇಬರಿಗೆ ಫೋನ್ ಮಾಡಿದಳು. ಅವರ ಕಡೆಯವರು ಇಬ್ಬರು ಬಂದು, ನಮ್ಮ ಸ್ಪ್ಯಾನರ್ ಒಂದೂ ಕೂರುವುದಿಲ್ಲ ಅಂತ ತಮ್ಮದೇ ಇಂಚಿನ ಅಳತೆಯ ಸ್ಪ್ಯಾನರ್ ತಂದು, ಹಾಲಿನಲ್ಲೇ ಎಂಜಿನ್ ಬಿಚ್ಚಿದರು. ಅಪ್ಪ ಪ್ಲಾಸ್ಟರ್ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಗೋಡೆಗೊರಗಿ ನೋಡುತ್ತಿದ್ದ.

"ನನ್ನನ್ನ ಒಂದು ಮಾತು ಕೇಳ್ಬಾರ್ದಾ," ಅಂದ.

"ನೀವು ಕೇಳಿದ್ರಾ?" ಅಂದಳು ಅಕ್ಕ. ದುಡ್ಡನ್ನು ತನ್ನೊಬ್ಬಳ ಹೆಸರಿನ ಹೊಸ ಖಾತೆಗೆ ಹಾಕಿಸಿಕೊಂಡಳು. ಅಂಗಡಿಗೆ ಸಾಲುವಷ್ಟಲ್ಲ ಅದು. ಒಂದು ಔಷಧಿ ಅಂಗಡಿಯ ಮೂಲೆಯಲ್ಲಿ ಒಂದು ಮೇಜಿಗೆ, ಅದರ ಹಿಂದಿನ ಕೋಣೆಯ ಬಾಡಿಗೆಗೆ ಸಾಕಾಯಿತು.

ಅವಳು ಹೊರಡುವ ದಿನ ನಾನು ಮೇಲಟ್ಟದಿಂದ ಮಂಚ ಇಳಿಸಿ ಆಟೋಗೆ ಕಟ್ಟುತ್ತಿದ್ದೆ. ಎದುರು ಮನೆಯಾಕೆ ಬಂದು ಅಕ್ಕನ ಕೈ ಹಿಡಿದುಕೊಂಡಳು.

"ಪುಣ್ಯ ಮಾಡಿದ್ದೆ ಕಣಮ್ಮಾ. ನಿನಗೋಸ್ಕರ ಹೆತ್ತಪ್ಪನ ಕೈ ಮುರಿದನಲ್ಲ, ಅಂಥ ತಮ್ಮ ಯಾರಿಗೆ ಸಿಗ್ತಾನೆ."

ಅಕ್ಕ ನನ್ನ ಕಡೆ ನೋಡಿದಳು. ಆಕೆ ಹೋಗುವವರೆಗೂ ನೋಡುತ್ತಲೇ ಇದ್ದಳು.

"ದುಡ್ಡು ತಗೊಂಡ್ರಿ. ಮಂಚ ತಗೊಂಡ್ರಿ," ಅಂದಳು. "ಅದನ್ನೂ ತಗೊಂಡ್ಯೇನೋ?"

ಎಲ್ಲದಕ್ಕೂ ನನ್ನ ಹತ್ತಿರ ಒಂದು ಡೈಲಾಗ್ ಇರುತ್ತದೆ. ಹಗ್ಗದ ಗಂಟು ಬಿಗಿ ಮಾಡಿದೆ. ಆಟೋ ಹೋಯಿತು.

ಆ ಭಾನುವಾರ ಆದದ್ದು ಹೀಗೆ.

ಅಪ್ಪ ಕೈ ಎತ್ತಿದ, ಹೊಡೆದ. ಅಕ್ಕನ ಕನ್ನಡಕ ಹಾರಿ ಗಾಡಿಯ ಕೆಳಗೆ ಎಣ್ಣೆಯ ಟ್ರೇಗೆ ಬಿತ್ತು. ಇನ್ನೊಂದು ಹೊಡೆದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಲೋ, ಎದ್ದೇಳೋ," ಅಂತ ಅಜ್ಜಿ ನನಗೆ ಹೇಳಿದಳು. ಎರಡು ಸಲ ಹೇಳಿದಳು. ಅಕ್ಕ ಬಗ್ಗಿ ಕನ್ನಡಕ ತೆಗೆದು, ಎಣ್ಣೆ ಒರೆಸಿ, ಮಡಿಸಿ ಅಮ್ಮನ ಕೈಗೆ ಕೊಟ್ಟಳು. ಆಮೇಲೆ ತೆರೆದಿದ್ದ ಪೆಟ್ಟಿಗೆಯಿಂದ ಅಪ್ಪನ ದೊಡ್ಡ ಸುತ್ತಿಗೆ ಎತ್ತಿಕೊಂಡಳು.

"ನನ್ನ ದುಡ್ಡಿನ ಗಾಡಿ. ನಾನೇನು ಬೇಕಾದ್ರೂ ಮಾಡ್ತೀನಿ."

ಎರಡೂ ಕೈಯಲ್ಲಿ ಎತ್ತಿದಳು. ಅಪ್ಪ ಓಡಿ ಬಂದು ತನ್ನ ವೆಲ್ಡಿಂಗಿನ ಮೇಲೆ ಬಲಗೈ ಅಡ್ಡ ಇಟ್ಟ. ನಮ್ಮಲ್ಲಿ ಯಾರಿಗೂ ಯಾವತ್ತೂ ಅವನು ಹಾಗೆ ಅಡ್ಡ ಬಂದಿರಲಿಲ್ಲ. ಮೊದಲ ಏಟು ಕಬ್ಬಿಣಕ್ಕೆ ಅಂತ ಬಂದದ್ದು, ಕೈಗೆ ಬಿತ್ತು. ಅಪ್ಪ ಕೂಗಿಕೊಂಡ, ಕೈ ಹಿಂದಕ್ಕೆ ತೆಗೆಯಲು ಆಗಲಿಲ್ಲ. ಅಕ್ಕ ಆ ಕೈಯನ್ನು ನೋಡಿದಳು, ಕನ್ನಡಕ ಇಲ್ಲದ ಕಣ್ಣನ್ನು ಕಿರಿದು ಮಾಡಿಕೊಂಡು ಸರಿಯಾಗಿ ನೋಡಿದಳು. ಎರಡನೇ ಏಟು ಕಬ್ಬಿಣಕ್ಕೆ ಅಂತ ಬಂದದ್ದಲ್ಲ.

ನಾನು ಎದ್ದಿರಲಿಲ್ಲ. ತಟ್ಟೆಯ ಮುಂದೆ ಕೂತಿದ್ದೆ, ಬಾಯಲ್ಲಿ ತುತ್ತು ಇತ್ತು, ನುಂಗಿದೆ.